ಪಿಯುಸಿ ಐಚ್ಛಿಕ ವಿಷಯಗಳು ಮತ್ತು ಕಾಲೇಜು ಪ್ರವೇಶ

ಕರ್ನಾಟಕದ ಪದವಿಪೂರ್ವ ಶಿಕ್ಷಣದಲ್ಲಿ (ಪಿಯುಸಿ) ಎರಡು ಭಾಷೆಗಳ ಜೊತೆ ಆಯ್ದುಕೊಳ್ಳುವ ನಾಲ್ಕು ವಿಷಯಗಳೇ ಐಚ್ಛಿಕ ವಿಷಯಗಳು. ಎಲ್ಲವೂ ಉತ್ತೀರ್ಣತೆಗೆ ಬೇಕು, ಆದರೆ ಪ್ರವೇಶದಲ್ಲಿ ಎಲ್ಲಕ್ಕೂ ಸಮಾನ ತೂಕವಿಲ್ಲ. ಚಿತ್ರದುರ್ಗದ ಎಸ್‌ಜೆಎಂ ತಾಂತ್ರಿಕ ಕಾಲೇಜಿಗೆ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿ ಮೂಲಕ ಸೇರುವವರ ರ‍್ಯಾಂಕಿಗೆ ಭೌತ, ರಸಾಯನ, ಗಣಿತದ ಪಿಯುಸಿ ಅಂಕಗಳು ಅರ್ಧ, ಸಿಇಟಿ ಅಂಕಗಳು ಅರ್ಧ. ಈ ಮೂರರಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 120 ಬಂದರೆ 45 ಮತ್ತು 33.33 ಸೇರಿ 78.33 ಆಗುತ್ತದೆ, ಜೀವಶಾಸ್ತ್ರದಲ್ಲಿ 98 ಬಂದಿದ್ದರೂ ಅದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅದೇ ಜೀವಶಾಸ್ತ್ರವಿಲ್ಲದೆ ನೀಟ್ ಪರೀಕ್ಷೆಯ ಮೂಲಕ ವೈದ್ಯಕೀಯದ ಬಾಗಿಲು ತೆರೆಯದು.

ಹಾಗಾದರೆ ಎಲ್ಲರೂ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ಸೇರಿದ ಪಿಸಿಎಂಬಿ ಹಿಡಿಯಲಿ, ಎರಡೂ ದಾರಿ ಉಳಿಯುತ್ತದಲ್ಲ ಎಂಬ ವಾದವಿದೆ. ಎರಡೂ ಕಡೆ ನಿಜವಾದ ಒಲವಿದ್ದವರಿಗೆ ಅದು ಸರಿಯೇ. ಉಳಿದವರಿಗೆ ಒಲವಿಲ್ಲದ ನಾಲ್ಕನೆಯ ವಿಷಯದ ಹೊರೆ ರ‍್ಯಾಂಕ್ ನಿರ್ಧರಿಸುವ ಮೂರರ ಸಮಯವನ್ನೇ ತಿನ್ನುತ್ತದೆ. ಕಲಾ ವಿಭಾಗ ಸೇರಿದರೆ ದಾರಿ ಮುಚ್ಚಿತೆಂಬುದೂ ತಪ್ಪು: ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗವಾದರೂ ನಡೆಯುತ್ತದೆ, ಸಾಮಾನ್ಯ ವರ್ಗಕ್ಕೆ ಬೇಕಿರುವುದು ಶೇ. 45 ಅಂಕ. ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಯುತ್ತಿದ್ದಂತೆಯೇ ಈ ಆಯ್ಕೆ ಮಾಡಬೇಕು. ಆದ್ದರಿಂದ ಹತ್ತನೆಯ ತರಗತಿಯಲ್ಲೇ ಈ ಲೆಕ್ಕವನ್ನು ಅವರ ಮುಂದಿಡುವುದು ಶಾಲೆಯ ಕರ್ತವ್ಯ.