ಝೆಂಡಾದ ಕೆಳಗೆ ನಿಂತ ನಮ್ಮ ಪಲ್ಟನ್ನಿನ ಹಿರಿಯರು

ನಮ್ಮ ಸೋಲಾಪುರ, ಅಕ್ಕಲಕೋಟ ಭಾಗದ ಕೇರಿಗಳಲ್ಲಿ ಜನವರಿ ತಿಂಗಳು ಬಂತೆಂದರೆ ತರುಣರಿಗೆ ಪುರಸೊತ್ತೇ ಇರೋದಿಲ್ಲ. ಒಂದನೇ ತಾರೀಖಿಗೆ ಭೀಮಾ ಕೋರೆಗಾಂವಕ್ಕೆ ಗಾಡಿ ಹೊರಡಬೇಕು. ಹನ್ನೆರಡಕ್ಕೆ ಸೋಲಾಪುರದ ನಾಲ್ವರು ಹುತಾತ್ಮರ ದಿನ. ಹದಿನಾಲ್ಕಕ್ಕೆ ಮರಾಠವಾಡಾ ವಿದ್ಯಾಪೀಠಕ್ಕೆ ಬಾಬಾಸಾಹೇಬರ ಹೆಸರು ಬಂದ ನಾಮಾಂತರ ದಿನ. ಅದು 1994ರ ಮಾತು. ಇದೆಲ್ಲ ಮುಗಿದು ಕಿಸೆ ಖಾಲಿಯಾದ ಮೇಲೆ 26 ಜನವರಿ ಬರ್ತದ. ಹಿಂಗಾಗಿ ಗಣರಾಜ್ಯದ ದಿನ ನಮ್ಮಲ್ಲಿ ಶಾಲೆಯ ಝೆಂಡಾ ವಂದನಕ್ಕೆ ಹೋಗಿ, ಮಕ್ಕಳ ಕವಾಯತು ನೋಡಿ, ಬುಂದಿ ತಿಂದು ಬರೋದರಲ್ಲಿ ಮುಗಿದು ಹೋಗ್ತದ. ಆದರೆ ಇದು ಉಳಿದೆಲ್ಲ ದಿನಗಳಿಗಿಂತ ನಮಗೆ ಹತ್ತಿರದ ದಿನ. ಯಾಕೆಂದರೆ ನಮ್ಮ ಕೇರಿಯ ಎರಡು ದಾರಿಗಳು, ಬಂದೂಕಿನದೊಂದು, ಪುಸ್ತಕದ್ದೊಂದು, ಅವತ್ತೇ ಒಂದು ಕಡೆ ಕೂಡ್ತಾವ. ಆ ಕಥೆಯನ್ನು ಈ ಸಂಚಿಕೆಯಲ್ಲಿ ಸ್ವಲ್ಪ ಬಿಚ್ಚಿ ಹೇಳಬೇಕೆನಿಸಿದೆ.

ಮೊದಲು ಬಂದೂಕಿನ ದಾರಿ. ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯದಲ್ಲಿ ಮಹಾರರು ದೊಡ್ಡ ಸಂಖ್ಯೆಯಲ್ಲಿದ್ದರು. 1818ರ ಜನವರಿ 1ರಂದು ಕೋರೆಗಾಂವದಲ್ಲಿ ಎರಡನೇ ಬಾಜೀರಾವ್ ಪೇಶ್ವೆಯ ದೊಡ್ಡ ದಂಡಿನ ಎದುರು ಇಡೀ ದಿವಸ ನಿಂತ ಸಣ್ಣ ತುಕಡಿಯಲ್ಲಿ ನಮ್ಮವರಿದ್ದರು. ಅಲ್ಲಿಯ ಸ್ತಂಭದ ಮೇಲೆ ‘ನಾಕ್’ ಎಂದು ಮುಗಿಯುವ 22 ಹೆಸರುಗಳಿವೆ. ಅವು ಮಹಾರರ ಹೆಸರು. ಕೋರೆಗಾಂವದ ಮುಂದೆ ಹರಿಯೋ ಭೀಮೆಯೇ ಪಂಢರಪುರ ದಾಟಿ ನಮ್ಮ ಅಕ್ಕಲಕೋಟದ ಗಡಿಗೆ ಬರ್ತಾಳೆ. ಈ ದಂಡೆ ಮಹಾರಾಷ್ಟ್ರ, ಆ ದಂಡೆ ಕರ್ನಾಟಕ. ನೀರು ಮಾತ್ರ ಅದೇ.

“ಅವರು ಬ್ರಿಟಿಷರ ಪರವಾಗಿ ಕಾದಿದವರಲ್ಲವೇ, ಅದು ಎಂಥಾ ದೇಶಭಕ್ತಿ?” ಅಂತ ಕೆಲವರು ಕೇಳ್ತಾರ. ಕೇಳಲಿ. ಅದೇ ಕಂಪನಿಯ ಸೈನ್ಯದಲ್ಲಿ ಮೇಲಿನ ಜಾತಿಯವರೂ ಇದ್ದರು, ಮುಸಲ್ಮಾನರೂ ಇದ್ದರು. ಪ್ರಶ್ನೆ ಮಾತ್ರ ನಮಗೊಬ್ಬರಿಗೇ ಬರ್ತದ. ಊರಿನ ಬಾವಿಯಲ್ಲಿ ನೀರು ಸೇದಲು ಬಿಡದ ರಾಜ್ಯವನ್ನು ತನ್ನ ದೇಶವೆಂದು ತಿಳಿಯೋದು ಹೇಗೆ, ಇದು ನನ್ನ ಮರುಪ್ರಶ್ನೆ. ಬಾಬಾಸಾಹೇಬರು 1927ರ ಜನವರಿ 1ರಂದು ಆ ಸ್ತಂಭದ ಹತ್ತಿರ ಹೋದದ್ದು ಇಂಗ್ಲಿಷರನ್ನು ಹೊಗಳಲಿಕ್ಕಲ್ಲ. ನಿಮ್ಮ ಕೈಯಲ್ಲಿ ಬಲವಿತ್ತು, ಅದನ್ನು ಮರೆತೀರಿ ಅಂತ ನಮ್ಮವರಿಗೆ ನೆನಪು ಮಾಡಲಿಕ್ಕೆ.

ಪಲ್ಟನ್ನಿನಿಂದ ನಮಗೆ ಬಂದದ್ದು ಪಗಾರ, ಪೇನ್ಷನ್ ಅಷ್ಟೇ ಅಲ್ಲ. ಅಕ್ಷರ ಬಂತು. ಊರಿನ ಶಾಲೆಯ ಕಟ್ಟೆ ಹತ್ತಲು ಬಿಡದ ಕಾಲದಲ್ಲಿ ಛಾವಣಿಯ ಶಾಲೆಗಳಲ್ಲಿ ಸಿಪಾಯಿಗಳಿಗೆ, ಅವರ ಮಕ್ಕಳಿಗೆ ಓದು ಕಲಿಸುತ್ತಿದ್ದರು. ಸುಭೇದಾರ ರಾಮಜೀ ಸಕ್ಪಾಳರು ಇಂಥ ಸೈನಿಕ ಶಾಲೆಯಲ್ಲಿ ಮುಖ್ಯಗುರುಗಳಾಗಿದ್ದವರು. ಅವರ ಮಗ 1891ರ ಏಪ್ರಿಲ್ 14ರಂದು ಹುಟ್ಟಿದ್ದು ಮಹೂ ಎಂಬ ಛಾವಣಿಯಲ್ಲಿ. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು ಪಲ್ಟನ್ನಿನ ಮನೆಯಿಂದ ಬಂದವರು ಎಂಬುದನ್ನು ನಮ್ಮ ಮಕ್ಕಳು ಭಾಷಣದಲ್ಲಿ ಹೇಳೋದೇ ಇಲ್ಲ. ಬರೀ ಕಂದೀಲಿನ ಬೆಳಕಿನಲ್ಲಿ ಓದಿದರು ಅಂತ ಹೇಳಿ ಮುಗಿಸ್ತಾರ.

ಮಗು ಹುಟ್ಟಿದ ಮರುವರ್ಷವೇ, ಅಂದ್ರೆ 1892ರಲ್ಲಿ, ಈ ಬಾಗಿಲು ಮುಚ್ಚಿತು. ಕೆಲವು ಜಾತಿಗಳು ಮಾತ್ರ ಹುಟ್ಟು ಯೋಧರು, ಉಳಿದವರು ಲಾಯಕ್ಕಿಲ್ಲ ಎಂಬ ವಿಚಾರ ಆಗಿನ ಸೇನಾಧಿಪತಿ ಲಾರ್ಡ್ ರಾಬರ್ಟ್ಸ್‌ನ ಕಾಲಕ್ಕೆ ಜೋರಾಯಿತು. ಜಾತಿವಾರು ಪಲ್ಟನ್‌ಗಳನ್ನು ಮಾಡಿದರು. ಮಹಾರರ ಭರ್ತಿ ನಿಲ್ಲಿಸಿದರು. ಮೇಲ್ಜಾತಿಯ ಸಿಪಾಯಿ ಅಸ್ಪೃಶ್ಯ ಸುಭೇದಾರನಿಗೆ ಸಲಾಮು ಹೊಡೆಯಲು ಒಪ್ಪೋದಿಲ್ಲ ಎಂಬ ತಕರಾರೂ ಇದರ ಹಿಂದಿತ್ತು. ತಲೆಮಾರುಗಟ್ಟಲೆ ದುಡಿದವರಿಗೆ ಒಂದು ಹುಕುಮಿನಲ್ಲಿ ‘ನೀವು ಶೂರರಲ್ಲ’ ಅಂದುಬಿಟ್ಟರು!

ನಮ್ಮ ಹಿರಿಯರು ಸುಮ್ಮನೆ ಕೂಡಲಿಲ್ಲ. ನಿವೃತ್ತ ಸೈನಿಕರಾದ ಗೋಪಾಳಬಾಬಾ ವಲಂಗಕರರು 1894ರಲ್ಲಿ ಭರ್ತಿ ಮತ್ತೆ ತೆರೆಯಬೇಕೆಂದು ಅರ್ಜಿ ಬರೆದರು. 1910ರಲ್ಲಿ ಪುಣೆಯ ಶಿವರಾಮ ಜಾನಬಾ ಕಾಂಬಳೆಯವರು ಮತ್ತೆ ಅದೇ ಬೇಡಿಕೆ ಇಟ್ಟರು. ದಲಿತ ಚಳವಳಿಯ ಮೊದಮೊದಲ ಕಾಗದಗಳಲ್ಲಿ ಇವೂ ಸೇರ್ತಾವ ಅನ್ನೋದು ನೆನಪಿರಲಿ. ಮಾಜಿ ಸೈನಿಕ ಅಂದರೆ ಮೀಸೆ ತಿರುವಿ ಯುದ್ಧದ ಕಥೆ ಹೇಳೋ ಮುದುಕ ಅಂತ ತಿಳಿದವರು ತಿಳಿದಿರಲಿ. ಅರ್ಜಿ ಬರೆಯೋದನ್ನು, ಸಭೆ ಕೂಡಿಸೋದನ್ನು ನಮಗೆ ಕಲಿಸಿದವರಲ್ಲಿ ಆ ಪೇನ್ಷನ್ ಮುದುಕರೇ ಮುಂದಿದ್ದರು.

ಮೊದಲ ಮಹಾಯುದ್ಧದಲ್ಲಿ ಜನ ಸಾಲದಾದಾಗ 1917ರಲ್ಲಿ 111ನೇ ಮಹಾರ್ ಪಲ್ಟನ್ ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಅದನ್ನು ಬರಖಾಸ್ತು ಮಾಡಿದರು. ಬೇಕಾದಾಗ ಕರೆಯೋದು, ಬ್ಯಾಡಾದಾಗ ಮನೆಗೆ ಕಳಿಸೋದು. ಉತ್ತರದ ಚಮಾರ್ ರೆಜಿಮೆಂಟಿಗೂ ಇದೇ ಗತಿ: 1943ರಲ್ಲಿ ಹುಟ್ಟಿಸಿದರು, 1946ರಲ್ಲಿ ಮುಚ್ಚಿದರು.

ಪಲ್ಟನ್ನಿನಿಂದ ಮನೆಗೆ ಬಂದವನಿಗೆ ಊರಲ್ಲಿ ಏನು ಕಾದಿತ್ತು? ವತನ. ಚೂರು ಇನಾಂ ಹೊಲ, ಅದಕ್ಕೆ ಬದಲಾಗಿ ಹಗಲು ರಾತ್ರಿ ಸರಕಾರಿ ಬಿಟ್ಟಿ: ಟಪಾಲು ಒಯ್ಯೋದು, ಕಂದಾಯಕ್ಕೆ ಜನರನ್ನು ಕರೆಯೋದು, ಸತ್ತ ದನ ಎಳೆಯೋದು. ಗಂಡಸು ಊರಲ್ಲಿ ಇಲ್ಲದಿದ್ದರೆ ಮನೆಯ ಇನ್ನೊಬ್ಬರು ಹೋಗಲೇಬೇಕು. ಛಾವಣಿಯಲ್ಲಿ ‘ಹವಾಲ್ದಾರ ಸಾಹೇಬ’ ಅನಿಸಿಕೊಂಡವನು ಊರ ಅಗಸಿಯಲ್ಲಿ ‘ಯಾಕಲೇ’ ಅನಿಸಿಕೊಳ್ಳಬೇಕು. ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ವತನ ಕಾಯಿದೆ ತಿದ್ದುಪಡಿಗೆ ಮಸೂದೆ ತಂದರು. ಈ ಕನಿಷ್ಠ ವತನಗಳನ್ನು ರದ್ದು ಮಾಡುವ ಕಾಯಿದೆ ಬಂದದ್ದು 1958ರಲ್ಲಿ. ನೋಡಲು ಅವರೇ ಇರಲಿಲ್ಲ.

ಪುಸ್ತಕದ ದಾರಿ ಇದೇ ಹೊತ್ತಿಗೆ ನಮ್ಮ ಸೋಲಾಪುರದಲ್ಲೂ ತೆರೆಯಿತು. ಬಹಿಷ್ಕೃತ ಹಿತಕಾರಿಣೀ ಸಭೆಯವರು 1925ರ ಜನವರಿಯಲ್ಲಿ ಇಲ್ಲಿ ವಿದ್ಯಾರ್ಥಿ ವಸತಿಗೃಹ ಶುರು ಮಾಡಿದರು. ಜನವರಿಯ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ.

ಮತ್ತೆ ಬಂದೂಕಿನ ದಾರಿಗೆ ಬರೋಣ. 1941ರ ಜುಲೈನಲ್ಲಿ ವೈಸರಾಯರು ಮಾಡಿದ ರಾಷ್ಟ್ರೀಯ ರಕ್ಷಣಾ ಮಂಡಳಿಗೆ ಬಾಬಾಸಾಹೇಬರು ಸದಸ್ಯರಾದರು. ಭರ್ತಿ ತೆರೆಯಿರಿ ಎಂದು ಪಟ್ಟು ಹಿಡಿದರು. ಅದೇ ವರ್ಷ ಅಕ್ಟೋಬರದಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬಟಾಲಿಯನ್ ಹುಟ್ಟಿತು. ಎಲ್ಲಿ? ಬೆಳಗಾವಿಯಲ್ಲಿ. ನಾಗಪುರವಲ್ಲ, ಪುಣೆಯಲ್ಲ, ನಮ್ಮ ಕನ್ನಡದ ನೆಲದಲ್ಲಿ. ಮೊದಲಿನ ಟೋಪಿ ಬಿಲ್ಲೆಯ ಮೇಲೆ ಕೋರೆಗಾಂವದ ಸ್ತಂಭವಿತ್ತು. 1946ರಲ್ಲಿ ಇದನ್ನು ಮಶೀನ್‌ಗನ್ ರೆಜಿಮೆಂಟ್ ಮಾಡಿದರು. ಈಗ ಅದರ ಕೇಂದ್ರ ಮಧ್ಯಪ್ರದೇಶದ ಸಾಗರದಲ್ಲಿದೆ, ಎಲ್ಲ ಜಾತಿಯವರೂ ಅದರಲ್ಲಿ ಸೇರ್ತಾರ. ಭೂಸೇನೆಯ ಮುಖ್ಯಸ್ಥರಾದ ಜನರಲ್ ಕೃಷ್ಣರಾವ್, ಜನರಲ್ ಸುಂದರ್‌ಜೀ ಇಬ್ಬರೂ ಈ ರೆಜಿಮೆಂಟಿನಿಂದ ಬಂದವರು. 1987ರ ನವೆಂಬರದಲ್ಲಿ ಶ್ರೀಲಂಕೆಯಲ್ಲಿ ಪ್ರಾಣಕೊಟ್ಟು ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ 8ನೇ ಮಹಾರ್‌ದವರು. ನಮ್ಮನ್ನು ‘ಲಾಯಕ್ಕಿಲ್ಲ’ ಅಂದ ಹೆಸರಿನಲ್ಲೇ ಇವತ್ತು ಬೇರೆ ಬೇರೆ ಪ್ರಾಂತದ ಹುಡುಗರು ಹೆಮ್ಮೆಯಿಂದ ಕವಾಯತು ಮಾಡ್ತಾರ.

ಇನ್ನು 26 ಜನವರಿ. 1949ರ ನವೆಂಬರ್ 26ಕ್ಕೆ ಒಪ್ಪಿದ ಸಂವಿಧಾನ 1950ರ ಜನವರಿ 26ರಿಂದ ಪೂರ್ಣವಾಗಿ ಜಾರಿಗೆ ಬಂತು. 17ನೇ ಕಲಮು ಅಸ್ಪೃಶ್ಯತೆಯನ್ನು ರದ್ದು ಮಾಡ್ತದ, ಇದು ನಮ್ಮ ಸಣ್ಣ ಮಕ್ಕಳಿಗೂ ಬಾಯಿಪಾಠ. 15ನೆಯದು ಬಾವಿ, ಕೆರೆ, ಘಾಟು, ರಸ್ತೆ, ಹೋಟೆಲು ಎಲ್ಲರಿಗೂ ತೆರೆದಿವೆ ಅನ್ನುತ್ತದೆ. ಅದರ ಮುಂದಿನ 18ನೆಯದನ್ನು ಯಾರೂ ಓದೋದಿಲ್ಲ. ಸರಕಾರ ಇನ್ನು ಮುಂದೆ ರಾವ್‌ಬಹಾದ್ದೂರ, ಖಾನ್‌ಬಹಾದ್ದೂರ ಅಂಥ ಬಿರುದು ಕೊಡುವಂತಿಲ್ಲ. ಎರಡು ಬಗೆಯವಕ್ಕೆ ಮಾತ್ರ ವಿನಾಯಿತಿ: ಸೈನ್ಯದ್ದು, ವಿದ್ಯೆಯದ್ದು. ಈ ಕಲಮು ನಮ್ಮ ಕೇರಿಗಾಗಿಯೇ ಬರೆದದ್ದೆಂದು ನಾನು ಹೇಳೋದಿಲ್ಲ. ಆದರೆ ಸುಭೇದಾರನ ಮಗ ಡಾಕ್ಟರ್ ಆದ ಮನೆಯಲ್ಲಿ ಉಳಿದಿದ್ದ ಎರಡು ಬಿರುದುಗಳು ಇವೇ ಅಲ್ಲವೇ? ಹುಟ್ಟಿನಿಂದ ಬಂದ ಬಿರುದು ಹೋಗಲಿ, ದುಡಿದು ಗಳಿಸಿದ್ದು ಇರಲಿ.

ಹಿಂಗಾಗಿ ನಮ್ಮ ಊರುಗಳಲ್ಲಿ ಝೆಂಡಾ ವಂದನಕ್ಕೆ ಮಾಜಿ ಸೈನಿಕರನ್ನು ಕರೆಯುವಾಗ ‘ಬರ್ರಿ ಕಾಕಾ, ಹಿಂದ ಕುರ್ಚಿ ಅದ’ ಅಂದರೆ ಸಾಲದು. ಹುದ್ದೆ ಹೇಳಿ ಕರೆಯಬೇಕು: ನಾಯಕ, ಹವಾಲ್ದಾರ, ಸುಭೇದಾರ. ನಮ್ಮ ಕಡೆಯವರು ಮಹಾರ್ ರೆಜಿಮೆಂಟಿನಲ್ಲೇ ಇರಬೇಕೆಂದಿಲ್ಲ; ಬೇರೆ ರೆಜಿಮೆಂಟಿನಲ್ಲಿ, ಸಪ್ಲೈದಲ್ಲಿ, ಅಡಿಗೆಮನೆಯಲ್ಲಿ ದುಡಿದವರೂ ಫೌಜಿಗಳೇ. ಅವರ ಹೆಂಡಂದಿರು, ಗಂಡ ಗಡಿಯಲ್ಲಿದ್ದಾಗ ಕೂಲಿ ಮಾಡಿ ಮಕ್ಕಳನ್ನು ಸಾಕಿದವರು, ಅವರಿಗೂ ಮುಂದಿನ ಸಾಲಿನಲ್ಲಿ ಜಾಗ ಬೇಕು. ಶಾಲು, ನಾರೀಕೇಳ ಕೊಡೋದು ಒಳ್ಳೇದೇ. ಅದಕ್ಕಿಂತ ಒಳ್ಳೇದು, ಓದಿದ ಹುಡುಗರು ಇಬ್ಬಿಬ್ಬರು ಪ್ರತಿ ಮನೆಗೆ ಹೋಗಿ ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಂಡತಿಯ ಹೆಸರು ಸರಿಯಾಗಿ ಬರೆದದೋ ಇಲ್ಲೋ ನೋಡೋದು. ಕನ್ನಡದ ಮನೆಹೆಸರು ಮರಾಠಿಯಲ್ಲೊಂದು, ಹಿಂದಿಯಲ್ಲೊಂದು, ಇಂಗ್ಲಿಷಿನಲ್ಲೊಂದು ಆಗಿ, ವಿಧವೆಯ ಕುಟುಂಬ ಪೇನ್ಷನ್ ಒಂದು ಅಕ್ಷರದ ಸಲುವಾಗಿ ನಿಲ್ತದ. ಗಡಿನಾಡಿನ ನಮಗೆ ಇದು ದೊಡ್ಡ ಕಷ್ಟ. ವರ್ಷಾ ವರ್ಷ ಕೊಡಬೇಕಾದ ಹಯಾತಿ ದಾಖಲೆಗೆ ಮುದುಕಿಯರನ್ನು ಕರೆದುಕೊಂಡು ಹೋಗೋದು, ಸೋಲಾಪುರದ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅವರ ಪರವಾಗಿ ಮಾತಾಡೋದು, ಇದೂ ಝೆಂಡಾ ವಂದನವೇ.

ಇನ್ನೊಂದು ಮಾತು. ನಮ್ಮ ಹತ್ತಿರ ಕೋರೆಗಾಂವದ 22 ಹೆಸರು ಉಳಿದದ್ದು ಅವನ್ನು ಕಲ್ಲಿನ ಮೇಲೆ ಕೆತ್ತಿದ್ದಕ್ಕೆ. ನಮ್ಮ ಕೇರಿಗಳಿಂದ ಹೋದವರ ಹೆಸರು ಎಲ್ಲಿಯೂ ಕೆತ್ತಿಲ್ಲ. ಟ್ರಂಕಿನ ತಳದಲ್ಲಿ ಹಳೇ ಫೋಟೋ, ಪದಕ, ಪೇಬುಕ್ಕು ಇದ್ದರೆ ಸಂಘದ ಹುಡುಗರಿಗೆ ತೋರಿಸಿ. ಮೊಬೈಲಿನಲ್ಲಿ ತೆಗೆದುಕೊಂಡು ಅಲ್ಲೇ ವಾಪಸು ಕೊಡ್ತಾರ. ಹೆಸರು, ಊರು, ನಂಬರು, ಪಲ್ಟನ್, ಭರ್ತಿಯಾದ ವರ್ಷ, ಇಷ್ಟು ಬರೆಸಿದರೆ ಸಾಕು. ಮುಂದಿನ ವರ್ಷದ ಸಂಚಿಕೆಯಲ್ಲಿ ಮೊದಲ ನಾಲ್ಕು ಪುಟ ಅದಕ್ಕೇ ಬಿಟ್ಟಿರ್ತೇವಿ.

ಜೈ ಭೀಮ್.