ಗಣಕಯಂತ್ರದ ಪರದೆಯಲ್ಲಿ ಆಸ್ಟ್ರೇಲಿಯಾದ ಘಟ್ಟದ ರೈಲು ಮಾರ್ಗ

ರೈಲು ಸಿಮ್ಯುಲೇಟರ್ ಎಂಬುದು ಗಣಕಯಂತ್ರದಲ್ಲಿ ರೈಲು ಓಡಿಸುವ ಅನುಭವ ನೀಡುವ ತಂತ್ರಾಂಶ. ಇದನ್ನು ಆಟವೆಂದು ಕರೆಯುವುದು ರೂಢಿ. ಆದರೆ ಇದರ ಹವ್ಯಾಸಿಗಳಲ್ಲಿ ಒಂದು ವರ್ಗವು ರೈಲು ಓಡಿಸುವುದಕ್ಕಿಂತ ಹೆಚ್ಚಿನ ಸಮಯವನ್ನು ಮಾರ್ಗ ನಿರ್ಮಾಣದಲ್ಲೇ ಕಳೆಯುತ್ತದೆ. ನೆಲದ ಏರಿಳಿತ, ಹಳಿ, ಸಿಗ್ನಲ್, ನಿಲ್ದಾಣ, ಮರಗಿಡಗಳನ್ನು ಒಂದೊಂದಾಗಿ ಜೋಡಿಸಿ, ಭೂಮಿಯ ಮೇಲೆ ನಿಜವಾಗಿಯೂ ಇರುವ ಒಂದು ಮಾರ್ಗವನ್ನು ಪರದೆಯ ಮೇಲೆ ಮರುಸೃಷ್ಟಿಸುವ ಕೆಲಸವಿದು. ಇದನ್ನು ಆರಂಭಿಸಿದವರು ಅನೇಕ, ಪೂರ್ಣಗೊಳಿಸಿದವರು ವಿರಳ. ಕಣ್ಣಿಗೆ ಚೆಂದ ಕಾಣುವ ನಿಲ್ದಾಣ ಹಾಗೂ ಮರಗಳಿಂದ ಕೆಲಸ ಆರಂಭಿಸುವುದು, ಒಮ್ಮೆಲೇ ನೂರಾರು ಕಿಲೋಮೀಟರ್ ಆರಿಸಿಕೊಳ್ಳುವುದು ಈ ವೈಫಲ್ಯಕ್ಕೆ ಮುಖ್ಯ ಕಾರಣಗಳು.

ಈ ಹವ್ಯಾಸಕ್ಕೂ ಆಸ್ಟ್ರೇಲಿಯಾಕ್ಕೂ ಹಳೆಯ ನಂಟಿದೆ. ಮೈಕ್ರೋಸಾಫ್ಟ್ ಸಂಸ್ಥೆಯ ಟ್ರೇನ್ ಸಿಮ್ಯುಲೇಟರ್ 2001ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಅಮೆರಿಕ, ಯೂರೋಪ್ ಮತ್ತು ಜಪಾನಿನ ಆರು ಮಾರ್ಗಗಳಿದ್ದವು. ಆಸ್ಟ್ರೇಲಿಯಾದ್ದು ಒಂದೂ ಇರಲಿಲ್ಲ. ಅದೇ ವರ್ಷ ಬ್ರಿಸ್ಬೇನ್ ನಗರದ ಆರಾನ್ ಕಂಪನಿ 'ಟ್ರೇನ್ಜ್' ಎಂಬ ಸಿಮ್ಯುಲೇಟರನ್ನು ಹೊರತಂದಿತು. ಬಳಕೆದಾರರೇ ಮಾರ್ಗ ಕಟ್ಟಲು ಅನುಕೂಲವಾಗುವ 'ಸರ್ವೇಯರ್' ಎಂಬ ವಿಭಾಗ ಅದರ ವೈಶಿಷ್ಟ್ಯ. ಮುಂದೆ ಎನ್3ವಿ ಗೇಮ್ಸ್ ಅದನ್ನು ಮುಂದುವರಿಸಿತು. ಮೈಕ್ರೋಸಾಫ್ಟ್ ತನ್ನ ತಂತ್ರಾಂಶವನ್ನು ಕೈಬಿಟ್ಟ ನಂತರ, ಅದಕ್ಕಾಗಿ ಕಟ್ಟಿದ ಮಾರ್ಗಗಳನ್ನು ಉಳಿಸಿಕೊಳ್ಳಲು ಹವ್ಯಾಸಿಗಳೇ ರೂಪಿಸಿದ 'ಓಪನ್ ರೈಲ್ಸ್' ಎಂಬ ಉಚಿತ ತಂತ್ರಾಂಶವೂ ಇಂದು ಬಳಕೆಯಲ್ಲಿದೆ.

ಆಸ್ಟ್ರೇಲಿಯಾದ ಮಾರ್ಗವನ್ನು ಕಟ್ಟಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ. ಒಂದೊಂದು ವಸಾಹತು ತನಗೆ ತೋಚಿದಂತೆ ರೈಲು ಹಾಕಿದ ಪರಿಣಾಮ ಅಲ್ಲಿ ಮೂರು ಮುಖ್ಯ ಗೇಜ್‌ಗಳು ಬೆಳೆದವು. ನ್ಯೂ ಸೌತ್ ವೇಲ್ಸ್‌ನಲ್ಲಿ 1,435 ಮಿ.ಮೀ., ವಿಕ್ಟೋರಿಯಾದಲ್ಲಿ 1,600 ಮಿ.ಮೀ., ಕ್ವೀನ್ಸ್‌ಲ್ಯಾಂಡ್‌ನಲ್ಲಿ 1,067 ಮಿ.ಮೀ. ಸಿಡ್ನಿಯಿಂದ ಪರ್ತ್‌ವರೆಗೆ ಗಾಡಿ ಬದಲಿಸದೆ ಹೋಗುವುದು ಸಾಧ್ಯವಾದದ್ದು 1970ರಲ್ಲಿ ಮಾತ್ರ. ಆದ್ದರಿಂದ ಒಂದು ರಾಜ್ಯದ ಹಳಿ, ಗಾಡಿ, ಸಿಗ್ನಲ್ ಮಾದರಿಗಳನ್ನು ಇನ್ನೊಂದು ರಾಜ್ಯದ ಮಾರ್ಗಕ್ಕೆ ತಂದು ಹಾಕಿದರೆ ತಿಳಿದವರ ಕಣ್ಣಿಗೆ ತಕ್ಷಣ ಬೀಳುತ್ತದೆ. 'ಆಸ್ಟ್ರೇಲಿಯಾದ ರೈಲು ಮಾರ್ಗ' ಎಂಬ ಒಂದು ಸಾಮಾನ್ಯ ಮಾದರಿ ಇಲ್ಲವೇ ಇಲ್ಲ ಎಂದರೂ ತಪ್ಪಾಗದು.

ಉದಾಹರಣೆಗೆ ಸಿಡ್ನಿಯ ಪಶ್ಚಿಮಕ್ಕಿರುವ ಬ್ಲೂ ಮೌಂಟನ್ಸ್ ಘಟ್ಟವನ್ನು ತೆಗೆದುಕೊಳ್ಳಬಹುದು. ನೆಪಿಯನ್ ನದಿಯನ್ನು ದಾಟಿದ ಕೂಡಲೇ ಸಿಗುವ ಎಮು ಪ್ಲೇನ್ಸ್‌ನಿಂದ ಕಲ್ಲಿದ್ದಲಿನ ಊರಾದ ಲಿಥ್ಗೋವರೆಗೆ ಸುಮಾರು 100 ಕಿ.ಮೀ. ಜೋಡಿ ಹಳಿ. ನದಿಯ ಬಯಲಿನಿಂದ ಹೊರಟ ಹಳಿ 50 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ, ಕಟೂಂಬಾ ನಿಲ್ದಾಣ ತಲುಪುವಷ್ಟರಲ್ಲಿ, ಸಮುದ್ರಮಟ್ಟದಿಂದ 1,017 ಮೀಟರ್ ಎತ್ತರಕ್ಕೇರುತ್ತದೆ. ಅತಿ ಕಡಿದಾದ ಭಾಗಗಳಲ್ಲಿ ಏರು 33ಕ್ಕೆ 1, ಅಂದರೆ 33 ಮೀಟರ್ ಸಾಗಿದರೆ ಒಂದು ಮೀಟರ್ ಏರಿಕೆ. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ ಇದು 50ಕ್ಕೆ 1, ಕ್ಯಾಸಲ್‌ರಾಕ್‌ನಿಂದ ಗೋವಾಕ್ಕೆ ಇಳಿಯುವ ಬ್ರಗಾಂಜಾ ಘಾಟಿಯಲ್ಲಿ 37ಕ್ಕೆ 1 ಎಂಬುದನ್ನು ನೆನೆದರೆ ಅಲ್ಲಿನ ಕಷ್ಟ ಅರ್ಥವಾಗುತ್ತದೆ.

ಈ ಘಟ್ಟದ ಹಳಿ ಒಂದೇ ಸಲಕ್ಕೆ ಹಾಕಿದ್ದಲ್ಲ. ಆರಂಭದಲ್ಲಿ ಎರಡೂ ತುದಿಗಳಲ್ಲಿ ರೈಲು ಹಿಂದೆ ಮುಂದೆ ಸರಿದು ಮೇಲೇರುವ 'ಜಿಗ್ ಜ್ಯಾಗ್' ವ್ಯವಸ್ಥೆಯಿತ್ತು. ಲಿಥ್ಗೋ ಬದಿಯ, 1869ರ ಜಿಗ್ ಜ್ಯಾಗ್‌ಗೆ ಬದಲಾಗಿ 1910ರಲ್ಲಿ ಹತ್ತು ಸುರಂಗಗಳ ಹೊಸ ಹಳಿ ಬಂದಿತು. ಏರು 42ಕ್ಕೆ 1ರಿಂದ 90ಕ್ಕೆ 1ಕ್ಕೆ ಇಳಿಯಿತು. ಪೂರ್ವ ತುದಿಯಲ್ಲಿ ಗ್ಲೆನ್‌ಬ್ರೂಕ್ ಕಣಿವೆಯ ಅಂಚಿನಲ್ಲಿ 1913ರಲ್ಲಿ ಹಾಕಿದ ಹಳಿ 33ಕ್ಕೆ 1ರ ಏರನ್ನು 60ಕ್ಕೆ 1ಕ್ಕೆ ತಗ್ಗಿಸಿತು. 1957ರಲ್ಲಿ ವಿದ್ಯುತ್ ತಂತಿ ಲಿಥ್ಗೋ ತಲುಪಿತು. ಕೈಬಿಟ್ಟ ಹಳೆಯ ದಾರಿ, ಸೇತುವೆ, ಸುರಂಗಗಳು ಇಂದಿಗೂ ಪಕ್ಕದಲ್ಲೇ ಇವೆ. ಲಿಥ್ಗೋ ಬಳಿಯ ಹಳೆಯ ಜಿಗ್ ಜ್ಯಾಗ್ ಮೇಲೆ 1,067 ಮಿ.ಮೀ. ಗೇಜ್‌ನ ಪಾರಂಪರಿಕ ರೈಲು 2023ರಲ್ಲಿ ಮತ್ತೆ ಓಡತೊಡಗಿತು. ಆಧುನಿಕ ಮಾರ್ಗವೆಂದ ಮಾತ್ರಕ್ಕೆ ಇವನ್ನೆಲ್ಲ ಬಿಟ್ಟುಬಿಡುವಂತಿಲ್ಲ.

'ಆಧುನಿಕ' ಎಂಬ ಪದವೇ ಇಲ್ಲಿ ದೊಡ್ಡ ತೊಡಕು. ಯಾವ ವರ್ಷದ ಆಧುನಿಕತೆ? 1970ರಿಂದ ಈ ಘಟ್ಟದಲ್ಲಿ ಓಡಿದ್ದು ಎರಡಂತಸ್ತಿನ ಸ್ಟೇನ್‌ಲೆಸ್ ಸ್ಟೀಲ್ ಬೋಗಿಗಳ 'ವಿ ಸೆಟ್' ರೈಲುಗಳು. ಅವುಗಳ ಜಾಗಕ್ಕೆ ತಂದ 'ಮಾರಿಯುಂಗ್' ರೈಲುಗಳು 2024ರ ಡಿಸೆಂಬರ್‌ನಲ್ಲಿ ಮೊದಲು ನ್ಯೂಕ್ಯಾಸಲ್ ಕಡೆಗೂ, 2025ರಲ್ಲಿ ಬ್ಲೂ ಮೌಂಟನ್ಸ್ ಕಡೆಗೂ ಸಂಚಾರ ಆರಂಭಿಸಿದವು. ಹೊಸ ಬೋಗಿಗಳು ಹಳೆಯವಕ್ಕಿಂತ ಅಗಲ. ಶತಮಾನದ ಹಿಂದಿನ ಸುರಂಗಗಳಲ್ಲಿ ಅವು ಹಿಡಿಸದ ಕಾರಣ ಸುರಂಗ, ಪ್ಲಾಟ್‌ಫಾರಂಗಳನ್ನು ಮಾರ್ಪಡಿಸಬೇಕಾಯಿತು. ಹಾಗಾಗಿ 2010ರ ಮಾರ್ಗವೂ 2025ರ ಮಾರ್ಗವೂ ಒಂದೇ ಅಲ್ಲ. ಅನುಭವಿ ನಿರ್ಮಾಪಕರು ಮೊದಲ ದಿನವೇ ಒಂದು ವರ್ಷವನ್ನು ಗೊತ್ತುಮಾಡಿಕೊಂಡು, ಆನಂತರ ಬದಲಾದ ಯಾವುದನ್ನೂ ಸೇರಿಸುವುದಿಲ್ಲ. ಹೀಗೆ ಮಾಡದವರು ಪ್ರತಿ ವರ್ಷವೂ ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟುತ್ತಲೇ ಇರಬೇಕಾಗುತ್ತದೆ. ಹಳೆಯ ರೈಲುಗಳು ತೆರೆಮರೆಗೆ ಸರಿಯುವಾಗ, ಒಂದು ನಿರ್ದಿಷ್ಟ ವರ್ಷಕ್ಕೆ ನಿಷ್ಠವಾಗಿ ಕಟ್ಟಿದ ಮಾರ್ಗಕ್ಕೆ ದಾಖಲೆಯ ಬೆಲೆಯೂ ಬರುತ್ತದೆ.

ವರ್ಷ ನಿಶ್ಚಯವಾದ ಬಳಿಕ ನೆಲದ ಕೆಲಸ. ಭೂಮಿಯ ಎತ್ತರದ ಮಾಹಿತಿಗೆ ಬಹುಕಾಲ ಆಧಾರವಾಗಿದ್ದುದು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರ್ ಮೂಲಕ ಸಂಗ್ರಹಿಸಿದ ದತ್ತಾಂಶ. ಅದರಲ್ಲಿ ಸುಮಾರು 30 ಮೀಟರಿಗೊಂದು ಬಿಂದು. ಬಯಲುಸೀಮೆಗೆ ಇದು ಸಾಕು. ಘಟ್ಟದಲ್ಲಿ ಹಾಗಲ್ಲ. ಹತ್ತು ಹದಿನೈದು ಮೀಟರ್ ಅಗಲಕ್ಕೆ ಕಡಿದ ಬಂಡೆಯ ಕೊರಕಲು ಎರಡು ಬಿಂದುಗಳ ನಡುವೆ ಮಾಯವಾಗುತ್ತದೆ. ದಟ್ಟ ಕಾಡಿನಲ್ಲಿ ರಾಡಾರ್ ನೆಲವನ್ನಲ್ಲ, ಬಹುಮಟ್ಟಿಗೆ ಮರದ ನೆತ್ತಿಯನ್ನು ಅಳೆದಿರುತ್ತದೆ. ಫಲವಾಗಿ ಹಳಿ ಗುಡ್ಡದೊಳಗೆ ಹೂತುಹೋಗುತ್ತದೆ, ಇಲ್ಲವೇ ಗಾಳಿಯಲ್ಲಿ ತೇಲುತ್ತದೆ. ವಿಮಾನದಿಂದ ಲೇಸರ್ ಕಿರಣ ಹಾಯಿಸಿ ಅಳೆಯುವ 'ಲೈಡಾರ್' ಪದ್ಧತಿ ಈ ಕೊರತೆಯನ್ನು ನೀಗಿಸಿದೆ. ಎಲೆಗಳ ಸಂದಿನಿಂದ ನೆಲ ಮುಟ್ಟುವ ಕಿರಣಗಳನ್ನು ಬೇರ್ಪಡಿಸಿ ಒಂದು ಮೀಟರ್ ಅಂತರದ ನಕ್ಷೆ ತಯಾರಿಸಬಹುದು. ಆಸ್ಟ್ರೇಲಿಯಾ ಸರ್ಕಾರದ ಜಿಯೋಸೈನ್ಸ್ ಆಸ್ಟ್ರೇಲಿಯಾ ಸಂಸ್ಥೆಯು 'ಎಲ್ವಿಸ್' ಎಂಬ ಅಂತರಜಾಲ ಸೇವೆಯಲ್ಲಿ ಇಂತಹ ದತ್ತಾಂಶವನ್ನು ಉಚಿತವಾಗಿ ನೀಡುತ್ತಿದೆ. ಹವ್ಯಾಸಿಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಆದರೆ ದತ್ತಾಂಶ ಸೂಕ್ಷ್ಮವಾದಷ್ಟೂ ಗಣಕಯಂತ್ರದ ಹೊರೆ ಹೆಚ್ಚುತ್ತದೆ. ಟ್ರೇನ್ಜ್‌ನಲ್ಲಿ ನೆಲವನ್ನು 720 ಮೀಟರ್ ಚೌಕದ ಹಲಗೆಗಳಾಗಿ ವಿಂಗಡಿಸಲಾಗುತ್ತದೆ. 100 ಕಿ.ಮೀ. ಉದ್ದಕ್ಕೆ ಸುಮಾರು 140 ಹಲಗೆ. ಹಳಿಯ ಎರಡೂ ಬದಿಗೆ ಕಣಿವೆ ಕಾಣುವಂತೆ ಐದು ಹಲಗೆ ಅಗಲ ಇಟ್ಟರೆ 700. ಕಟೂಂಬಾದಿಂದ ಕಾಣುವ ದೂರದ ಬೆಟ್ಟಸಾಲಿಗೆ ಇಷ್ಟೂ ಸಾಲದು.

ಹಳಿ ಹಾಕುವಾಗ ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದರೆ ಸಾಕೆಂದು ಹೊಸಬರು ಭಾವಿಸುವುದುಂಟು. ಮೇಲಿನಿಂದ ತೆಗೆದ ಚಿತ್ರದಲ್ಲಿ ತಿರುವು ಕಾಣುತ್ತದೆ, ಏರು ಕಾಣುವುದಿಲ್ಲ. ಅದಕ್ಕೆ ರೈಲ್ವೆಯವರ ತಿರುವು-ಇಳಿಜಾರು ನಕ್ಷೆಯೇ ಬೇಕು. ಯಾವ ಕಿಲೋಮೀಟರಿನಿಂದ ಯಾವ ಕಿಲೋಮೀಟರಿನವರೆಗೆ ಎಷ್ಟು ಏರು, ತಿರುವಿನ ತ್ರಿಜ್ಯ ಎಷ್ಟು ಎಂಬುದು ಅದರಲ್ಲಿರುತ್ತದೆ. ನೆಲವನ್ನು ನೋಡಿ ಹಳಿ ಹಾಕಬಾರದು. ನಕ್ಷೆಯಂತೆ ಹಳಿ ಹಾಕಿ, ನೆಲವನ್ನು ಅದಕ್ಕೆ ಸರಿಯಾಗಿ ತಗ್ಗಿಸಬೇಕು, ಎತ್ತರಿಸಬೇಕು. ಇದರಲ್ಲಿ ಸಣ್ಣ ವ್ಯತ್ಯಾಸವೂ ಚಾಲನೆಯನ್ನು ಕೆಡಿಸುತ್ತದೆ. 33ಕ್ಕೆ 1ರ ಏರಿನಲ್ಲಿ 500 ಟನ್ ತೂಕದ ರೈಲನ್ನು ಭೂಮಿ ಹಿಂದಕ್ಕೆ ಎಳೆಯುವ ಬಲ ಸುಮಾರು 15 ಟನ್‌ನಷ್ಟು. 60ಕ್ಕೆ 1ರಲ್ಲಿ ಅದು ಎಂಟು ಟನ್ ಮಾತ್ರ. ತಪ್ಪು ಏರಿನ ಮೇಲೆ ಎಷ್ಟು ಚೆಂದದ ಎಂಜಿನ್ ಇಟ್ಟರೂ ಅದು ಬ್ಲೂ ಮೌಂಟನ್ಸ್ ಆಗದು. ಹಬೆ ಎಂಜಿನ್‌ಗಳ ಕಾಲದಲ್ಲಿ ಕಡಿದಾದ ಏರು ಆರಂಭವಾಗುವ ವ್ಯಾಲಿ ಹೈಟ್ಸ್‌ನಲ್ಲಿ ಸಹಾಯಕ ಎಂಜಿನ್‌ಗಳಿಗೆಂದೇ ಒಂದು ಶೆಡ್ ಇತ್ತು. ಈಗ ಅದು ವಸ್ತುಸಂಗ್ರಹಾಲಯ.

ಸಿಗ್ನಲ್ ವಿಷಯದಲ್ಲಿ ಹೊರಗಿನವರು ಮೋಸಹೋಗುವುದೇ ಹೆಚ್ಚು. ಸಿಡ್ನಿ ಮಹಾನಗರ ಪ್ರದೇಶದಲ್ಲಿ ಒಂದರ ಕೆಳಗೊಂದು ದೀಪವಿರುವ ಜೋಡಿ ಸಿಗ್ನಲ್‌ಗಳಿವೆ. ಎರಡೂ ಹಸಿರಾದರೆ ದಾರಿ ಮುಕ್ತ. ಎರಡೂ ಕೆಂಪಾದರೆ ನಿಲ್ಲಬೇಕು. ಮೇಲೆ ಹಸಿರು, ಕೆಳಗೆ ಕೆಂಪು ಇದ್ದರೆ ನಿಲ್ಲುವಂತಿಲ್ಲ. ಮುಂದಿನ ಸಿಗ್ನಲ್‌ನಲ್ಲಿ ನಿಲ್ಲಲು ಸಿದ್ಧರಾಗಿ ಹೋಗಬೇಕೆಂದು ಅದರ ಅರ್ಥ. ಮೇಲೆ ಹಸಿರು, ಕೆಳಗೆ ಹಳದಿ ಇದ್ದರೆ ಮುಂದಿನ ಸಿಗ್ನಲ್ ಎಚ್ಚರಿಕೆ ತೋರಿಸುತ್ತಿದೆ ಎಂದು ತಿಳಿಯಬೇಕು. ಹೊರಗಿನ ಮಾರ್ಗಗಳಲ್ಲಿ ಒಂಟಿ ದೀಪದ ಪದ್ಧತಿ. ಅಲ್ಲಿ ಮಿಡಿಯುವ ಹಳದಿಗೆ ಪ್ರತ್ಯೇಕ ಅರ್ಥ. ಭಾರತದ ಹಾಗೂ ಬ್ರಿಟನ್ನಿನ ಸಿಗ್ನಲ್‌ಗಳಿಗೆ ಒಗ್ಗಿದವರು ಇದನ್ನು ಹೊಸದಾಗಿ ಕಲಿಯಲೇಬೇಕು. ವೇಗ ಮಿತಿಯ ಫಲಕಗಳೂ ಸಾಮಾನ್ಯ ರೈಲಿಗೆ ಒಂದು, ಎಕ್ಸ್‌ಪಿಟಿಯಂತಹ ವೇಗದ ರೈಲಿಗೆ ಇನ್ನೊಂದು.

ಸಿಗ್ನಲ್ ಎಂದರೆ ಕೇವಲ ದೀಪವಲ್ಲ, ಅದರ ಹಿಂದಿನ ನಿಯಮ ಎಂಬುದಕ್ಕೆ ಇದೇ ಘಟ್ಟದಲ್ಲಿ ದುರಂತದ ಸಾಕ್ಷಿಯಿದೆ. 1999ರ ಡಿಸೆಂಬರ್ 2ರಂದು ಗ್ಲೆನ್‌ಬ್ರೂಕ್ ಬಳಿ ಸ್ವಯಂಚಾಲಿತ ಸಿಗ್ನಲ್ ಕೆಟ್ಟು ಕೆಂಪು ತೋರಿಸುತ್ತಿತ್ತು. ಅದನ್ನು ಅನುಮತಿ ಪಡೆದು ದಾಟಿದ ಇಂಡಿಯನ್ ಪೆಸಿಫಿಕ್ ರೈಲು ಮುಂದಿನ ಕೆಂಪು ಸಿಗ್ನಲ್ ಬಳಿ ನಿಂತಿತು. ಹಿಂದೆ ಬಂದ ಪ್ರಯಾಣಿಕರ ರೈಲು ಸಹ ಕೆಟ್ಟ ಸಿಗ್ನಲನ್ನು ಅನುಮತಿಯೊಂದಿಗೇ ದಾಟಿತು. ಮುಂದಿನ ರೈಲು ಹೊರಟುಹೋಗಿದೆ ಎಂಬ ಭಾವನೆಯಲ್ಲಿ ವೇಗವಾಗಿ ಬಂದ ಅದು ತಿರುವಿನಾಚೆ ನಿಂತಿದ್ದ ರೈಲಿನ ಹಿಂಬದಿಗೆ ಅಪ್ಪಳಿಸಿತು. ಏಳು ಮಂದಿ ಸತ್ತರು. ನ್ಯಾಯಮೂರ್ತಿ ಪೀಟರ್ ಮೆಕಿನರ್ನಿ ನೇತೃತ್ವದ ವಿಶೇಷ ಆಯೋಗ ತನಿಖೆ ನಡೆಸಿತು. ಕೆಂಪು ದಾಟಿದರೆ 'ಆಟ ಮುಗಿಯಿತು' ಎನ್ನುವ ಸಿಮ್ಯುಲೇಟರ್‌ನಲ್ಲಿ ಇಂತಹ ಸನ್ನಿವೇಶಕ್ಕೆ ಸ್ಥಳವೇ ಇಲ್ಲ. ತಿರುವಿನಲ್ಲಿ ಬಂಡೆಯ ಗೋಡೆ ಎಷ್ಟು ದೂರದವರೆಗೆ ಚಾಲಕನ ದೃಷ್ಟಿಗೆ ಅಡ್ಡಿಯಾಗುತ್ತದೆ ಎಂಬುದನ್ನು ಸರಿಯಾಗಿ ಕಟ್ಟಿದ ಮಾರ್ಗ ಮಾತ್ರ, ಅಲ್ಲಿ ನಿಧಾನವಾಗಿ ಹೋಗಬೇಕಿತ್ತು ಏಕೆ ಎಂಬುದನ್ನು ತೋರಿಸಿಕೊಡಬಲ್ಲದು.

ವಿದ್ಯುತ್ ತಂತಿಯ ಕೆಲಸ ಬೇಸರ ತರಿಸುವಂತಹುದು. ಇಲ್ಲಿ 1,500 ವೋಲ್ಟ್ ಡಿ.ಸಿ. ವ್ಯವಸ್ಥೆಯಿದೆ. 60 ಮೀಟರಿಗೊಂದು ಕಂಬವೆಂದು ಲೆಕ್ಕ ಹಿಡಿದರೂ ಒಂದು ಬದಿಗೇ 1,600ಕ್ಕೂ ಹೆಚ್ಚು ಕಂಬಗಳಾಗುತ್ತವೆ. ತಿರುವುಗಳಲ್ಲಿ ಇನ್ನೂ ಒತ್ತೊತ್ತಾಗಿ ನೆಡಬೇಕು. ತಂತಿ ಇದ್ದ ಮಾತ್ರಕ್ಕೆ ಎಲ್ಲ ರೈಲುಗಳೂ ವಿದ್ಯುತ್ತಿನವಲ್ಲ. ಸರಕು ರೈಲುಗಳು ಈಗ ಡೀಸೆಲ್ ಎಂಜಿನ್‌ಗಳಿಂದಲೇ ಸಾಗುತ್ತವೆ. ಪರ್ತ್‌ಗೆ ಹೋಗುವ ಇಂಡಿಯನ್ ಪೆಸಿಫಿಕ್ ರೈಲನ್ನೂ 'ಎನ್‌ಆರ್' ದರ್ಜೆಯ ಡೀಸೆಲ್ ಎಂಜಿನ್‌ಗಳು ಎಳೆಯುತ್ತವೆ.

ಇನ್ನು ಮರಗಿಡ. ಬ್ಲೂ ಮೌಂಟನ್ಸ್ ಎಂದರೆ ಕನ್ನಡದಲ್ಲಿ ಅಕ್ಷರಶಃ ನೀಲಗಿರಿ. ಅಲ್ಲಿನ ಕಾಡು ಸಹ ನಾವು ನೀಲಗಿರಿ ಎಂದೇ ಕರೆಯುವ ಮರದ್ದು. ಆಸ್ಟ್ರೇಲಿಯಾದಿಂದ ಬಂದ ಈ ಮರದ ಬೀಜವನ್ನು ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿ ಬೆಟ್ಟದಲ್ಲಿ ಮೊದಲು ಬಿತ್ತಲಾಯಿತು ಎನ್ನಲಾಗುತ್ತದೆ. ಆದರೆ ಕೋಲಾರದ ದಾರಿಯಲ್ಲಿ ಕಾಣುವಂತೆ ಸಾಲು ಹಿಡಿದು, ಒಂದೇ ಎತ್ತರಕ್ಕೆ ನಿಂತ ನೆಡುತೋಪು ಅಲ್ಲಿಲ್ಲ. ಹಲವು ಜಾತಿಯ ನೀಲಗಿರಿಗಳು ಓರೆಕೋರೆಯಾಗಿ, ತೊಗಟೆ ಸುಲಿದು, ಬೂದು ಮಿಶ್ರಿತ ಹಸಿರಿನ ಎಲೆಗಳನ್ನು ಕೆಳಕ್ಕೆ ಜೋತುಬಿಟ್ಟು ನಿಂತಿರುತ್ತವೆ. ಕೆಳಗೆ ಕುರುಚಲು, ನಡುವೆ ಹಳದಿ ಮರಳುಗಲ್ಲು. ಸಿಮ್ಯುಲೇಟರ್‌ನೊಂದಿಗೆ ಬರುವ ಯೂರೋಪಿನ ಕಡುಹಸಿರು ಮರಗಳನ್ನು ಇಲ್ಲಿ ನೆಟ್ಟರೆ ಉಳಿದೆಲ್ಲ ಶ್ರಮವೂ ವ್ಯರ್ಥ.

ಹಕ್ಕುಸ್ವಾಮ್ಯದ ವಿಷಯದಲ್ಲೂ ಎಚ್ಚರ ಅಗತ್ಯ. ಸರ್ಕಾರಿ ದತ್ತಾಂಶವನ್ನು ಮೂಲ ಸೂಚಿಸಿ ಬಳಸಬಹುದು. ಬೇರೊಬ್ಬ ಹವ್ಯಾಸಿ ರೂಪಿಸಿದ ನಿಲ್ದಾಣ ಅಥವಾ ಗಾಡಿಯ ಮಾದರಿಯನ್ನು ಅನುಮತಿಯಿಲ್ಲದೆ ಸೇರಿಸಿ ಹಂಚುವಂತಿಲ್ಲ. ಮಾರುವುದಾದರೆ ರೈಲ್ವೆ ಕಂಪನಿಗಳ ಲಾಂಛನಕ್ಕೂ ಒಪ್ಪಿಗೆ ಬೇಕಾಗಬಹುದು. ಛಾಯಾಚಿತ್ರಗಳನ್ನು ಪ್ಲಾಟ್‌ಫಾರಂ ಹಾಗೂ ಮೇಲ್ಸೇತುವೆಗಳಿಂದ ತೆಗೆಯಬೇಕೇ ಹೊರತು ಹಳಿಗಿಳಿಯುವುದು ಅಲ್ಲಿ ಅಪರಾಧ.

ಮೊದಲ ಪ್ರಯತ್ನಕ್ಕೆ ನೂರು ಕಿಲೋಮೀಟರ್ ಬೇಡ. ಎಮು ಪ್ಲೇನ್ಸ್‌ನಿಂದ ವ್ಯಾಲಿ ಹೈಟ್ಸ್‌ವರೆಗಿನ ಭಾಗದಲ್ಲೇ ಕಣಿವೆ, ಸುರಂಗ, ತಿರುವು, ಏರು ಎಲ್ಲವೂ ಇವೆ. ಅಲ್ಲಿಗೆ ಹಳಿ ಮತ್ತು ಸಿಗ್ನಲ್ ಮಾತ್ರ ಹಾಕಿ, ಒಂದೂ ಮರ ನೆಡುವ ಮೊದಲು, ಬೋಳು ನೆಲದ ಮೇಲೆಯೇ ರೈಲನ್ನು ಮೇಲಕ್ಕೂ ಕೆಳಕ್ಕೂ ಓಡಿಸಿ, ವೇಳಾಪಟ್ಟಿಯಲ್ಲಿರುವ ನಿಮಿಷಗಳೊಂದಿಗೆ ಹೋಲಿಸಿ ನೋಡಬೇಕು. ಲೆಕ್ಕ ಹೊಂದದಿದ್ದರೆ ದೋಷ ಏರಿನಲ್ಲಿದೆಯೋ ಗಾಡಿಯ ತೂಕದಲ್ಲಿದೆಯೋ ಎಂದು ಹುಡುಕುವುದು ಆ ಹಂತದಲ್ಲಿ ಸುಲಭ.