ಪರದೇಶಕ್ಕೆ ಹೋದವರ ಲೆಕ್ಕ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹಾದಿಯಲ್ಲಿ ಬೈರಿದೇವರಕೊಪ್ಪ ಸಿಗುತ್ತದೆ. ಹಿಂದಕ್ಕೆ ವಿದ್ಯಾನಗರದ ಕಾಲೇಜುಗಳು, ಪಕ್ಕದ ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ, ಮುಂದೆ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ. ಇಷ್ಟಿದ್ದೂ ಇಲ್ಲಿನ ಹಲವು ಮನೆಗಳಲ್ಲಿ ಮಕ್ಕಳನ್ನು ಪರದೇಶಕ್ಕೆ ಕಳಿಸುವ ಮಾತು ನಡೆಯುತ್ತದೆ. ಹಾಗಾದರೆ ಹೊರಗೆ ಹೋಗಿ ಓದುವುದರಲ್ಲಿ ನಾವು ಮುಂದಿದ್ದೇವೆಯೇ?

ತಲೆ ಎಣಿಸಿದರೆ ಹೌದು. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3.3 ಲಕ್ಷ, ಆ ವರ್ಷ ಅಲ್ಲಿ ಅವರು ಚೀನೀಯರನ್ನೂ ಹಿಂದೆ ಹಾಕಿದರು. ಆದರೆ ಪ್ರಮಾಣ ನೋಡಿದರೆ ಚಿತ್ರವೇ ಬೇರೆ. 2021-22ರಲ್ಲಿ ದೇಶದೊಳಗೆ ಉನ್ನತ ಶಿಕ್ಷಣದಲ್ಲಿದ್ದವರು ಸುಮಾರು 4.33 ಕೋಟಿ. ಯುನೆಸ್ಕೋ ಲೆಕ್ಕದಲ್ಲಿ ಆ ಹೊತ್ತಿಗೆ ಹೊರಗಿದ್ದವರು ಐದಾರು ಲಕ್ಷ. ಅಂದರೆ ನೂರಕ್ಕೆ ಇಬ್ಬರೂ ಇಲ್ಲ. ಇತ್ತ ಪುಟ್ಟ ಲಕ್ಸೆಂಬರ್ಗ್ ದೇಶದ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಓದುವುದು ನೆರೆದೇಶಗಳಲ್ಲಿ. ಅಲ್ಲಿ ವಿಶ್ವವಿದ್ಯಾಲಯ ಹುಟ್ಟಿದ್ದೇ 2003ರಲ್ಲಿ.

ಈ ಸ್ಥಿತಿ ಧಾರವಾಡಕ್ಕೆ ಹೊಸದಲ್ಲ. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವ ಮೊದಲು, ಮೆಟ್ರಿಕ್ ಮುಗಿಸಿದ ಇಲ್ಲಿನ ಹುಡುಗ ಪದವಿ ಬೇಕೆಂದರೆ ಪುಣೆಗೋ ಮುಂಬಯಿಗೋ ಗಂಟುಮೂಟೆ ಕಟ್ಟಬೇಕಿತ್ತು. ಆಲೂರು ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಬೇಂದ್ರೆಯವರೂ ಅಲ್ಲಿಯೇ. ಸುತ್ತಲಿನ ಮಾತು ಮರಾಠಿ, ಪಾಠ ಇಂಗ್ಲಿಷಿನಲ್ಲಿ. ಆದರೂ ಧಾರವಾಡ, ಪುಣೆ ಎರಡೂ ಮುಂಬಯಿ ಪ್ರಾಂತಕ್ಕೇ ಸೇರಿದ್ದವಾದ್ದರಿಂದ ಇವರು ಯಾವ ದಾಖಲೆಯಲ್ಲಿಯೂ ಪರದೇಶಿ ವಿದ್ಯಾರ್ಥಿಗಳಲ್ಲ. ಮುಂದೆ ಕರ್ನಾಟಕ ಕಾಲೇಜಿನಲ್ಲೇ ಓದಿದ ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅವರು ಮಾತ್ರ ಈ ಲೆಕ್ಕಕ್ಕೆ ಸಿಗುತ್ತಾರೆ. ಗಡಿ ಎಲ್ಲಿ ಎಳೆದಿದೆ ಎಂಬುದರ ಮೇಲೆ ಎಣಿಕೆ ನಿಂತಿದೆ.

ಇವರಿಬ್ಬರ ಪಯಣಕ್ಕೂ ಕಾರಣ ಬೇರೆ. ಆಲೂರರು ಹೋದದ್ದು ಊರಿನಲ್ಲಿ ಕಾಲೇಜಿಲ್ಲದೆ. ಗೋಕಾಕರು ಹೋದದ್ದು ಊರಿನ ಕಾಲೇಜು ಕೊಟ್ಟದ್ದರ ಮೇಲೆ ಇನ್ನಷ್ಟು ಕಲಿಯಲು. ಲಕ್ಸೆಂಬರ್ಗಿನಲ್ಲಿ ಬಹುಕಾಲ ನಡೆದದ್ದು ಮೊದಲ ಬಗೆಯದು. ಇಂದಿನ ಅಂಕಿ ಅಂಶಗಳು ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸುತ್ತವೆ.

ಲೆಕ್ಕಕ್ಕೆ ಸಿಗದ ಇನ್ನೊಂದು ಗುಂಪೂ ಇದೆ. ಪುಣೆಯ ಊಟ ವಸತಿಯ ಖರ್ಚು ಹೊರಲಾರದವರ ಓದು ಮೆಟ್ರಿಕ್ಕಿಗೇ ನಿಂತಿತು. ಅಂಥವರ ಮಕ್ಕಳಿಗೆ ದಾರಿಯಾದದ್ದು ಊರ ಹತ್ತಿರ ಎದ್ದ ಸಂಸ್ಥೆಗಳು: 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ, 1947ರಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ.

ಆದ್ದರಿಂದ ದೇಶಗಳನ್ನು ಹೋಲಿಸುವಾಗ ಎಷ್ಟು ಮಂದಿ ಹೋದರು ಎಂಬುದರ ಜೊತೆಗೆ, ಹೋಗಲಾರದವರಿಗೆ ಊರಿನಲ್ಲಿ ಏನಿತ್ತು ಎಂದೂ ಕೇಳಬೇಕು. ಬೈರಿದೇವರಕೊಪ್ಪದ ಹುಡುಗಿಯೊಬ್ಬಳು ಇಂದು ಬಸ್ಸು ಹತ್ತಿ ಎಂ.ಎ. ತರಗತಿಗೆ ಹೋಗಿ ಸಂಜೆಗೆ ಮನೆ ಸೇರಬಲ್ಲಳು. ಆ ಪಯಣ ಯಾವ ಜಾಗತಿಕ ಪಟ್ಟಿಯಲ್ಲಿಯೂ ಬರುವುದಿಲ್ಲ.